ಹುಲಿ ಚಾದರದ ಗೌನು

ಸತೀಶಕುಮಾರ ಮಾಸ್ತರರಿಗೆ, ಗಣಿತಕ್ಕೆ ಬಗ್ಗದ ವಸ್ತು ಈ ಭೂಮಿಯ ಮೇಲೆ ಒಂದೂ ಇಲ್ಲವೆಂಬ ಗಟ್ಟಿ ನಂಬಿಕೆ. ವಿಜಯಪುರದ ತಮ್ಮ ಮನೆಯಿಂದ ದಿನಾ ಬಸ್ಸು ಹತ್ತಿ ತಿಕೋಟಾಕ್ಕೆ ಹೋಗಿ, ಹದಿನೆಂಟು ವರ್ಷಗಳಿಂದ ಅಲ್ಲಿಯ ಹೈಸ್ಕೂಲು ಮಕ್ಕಳಿಗೆ ವೃತ್ತ, ತ್ರಿಕೋನ, ಸಿಲಿಂಡರುಗಳನ್ನು ಅರೆದು ಕುಡಿಸುತ್ತಿದ್ದರು. ಕಲ್ಲಂಗಡಿ ಕಂಡರೆ ಅದರ ಘನಫಲ ಹೇಳುವರು, ಬಾವಿ ಕಂಡರೆ ಅದರ ವ್ಯಾಸ. ಒಮ್ಮೆ ಊಟಕ್ಕೆ ಕೂತಾಗ "ಇವತ್ತಿನ ರೊಟ್ಟಿ ಯಾಕೋ ದೀರ್ಘವೃತ್ತ ಆಗೈತಿ" ಎಂದುಬಿಟ್ಟು, ಮುಂದೆ ಎರಡು ದಿನ ರೊಟ್ಟಿಯನ್ನೇ ಕಾಣದೆ ಬರಿ ಅನ್ನ ಉಂಡಿದ್ದರು. ಆದರೂ ಬುದ್ಧಿ ಬಂದಿರಲಿಲ್ಲ.

ಅವರ ಹೆಂಡತಿ ನಂದಾ ಮಂಗಳವಾರ ಸಂಜೆ ದರ್ಜಿಯ ಅಂಗಡಿಯಿಂದ ಸಿಟ್ಟಿನಲ್ಲಿ ಬಂದಳು. ಹೊಲಿಯಲು ಕೊಟ್ಟ ಜಂಪರು ಮೂರನೇ ಸಲವೂ ಕೆಟ್ಟಿತ್ತು. ಅದನ್ನು ಮಂಚದ ಮೇಲೆ ಎಸೆದು, "ಈ ಊರಾಗ ಹೊಲಿಯಾಕ ಬರೋರು ಸತ್ತೇ ಹೋಗ್ಯಾರ" ಎಂದಳು.

ಇಲ್ಲಿ ಮಾಸ್ತರರು ಸುಮ್ಮನಿರಬೇಕಿತ್ತು. ಇರಲಿಲ್ಲ.

"ಹೊಲಿಯೋದಂದ್ರ ಏನು ಬ್ರಹ್ಮವಿದ್ಯಾ ಏನ? ಅರಿವಿ ಅಂದ್ರ ಒಂದು ಸಮತಲ. ಮನಷ್ಯಾ ಅಂದ್ರ ಒಂದು ಸಿಲಿಂಡರ. ಸಮತಲ ತಗೊಂಡು ಸಿಲಿಂಡರಕ್ಕ ಸುತ್ತೋದು, ಅಷ್ಟ."

ನಂದಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹೌದ್ರಿ? ಹಂಗಾದ್ರ ನನಗೊಂದು ಗೌನು ಹೊಲದು ತೋರಸ್ರಿ. ಮಷಿನ್ ಇಲ್ಲೇ ಐತಿ. ಟ್ರಂಕಿನ್ಯಾಗ ಹಳೇ ನೈಟಿ, ಹಳೇ ಚಾದರ ಅದಾವ. ನಾ ಬರೂದ್ರಾಗ ಆಗಬೇಕು. ಹೊಸಾ ಅರಿವಿಗೆ ಮಾತ್ರ ಕೈ ಹಚ್ಚಿದ್ರ ನೋಡ್ರಿ ಮತ್ತ!"

ಮರುದಿನ ಬೆಳಿಗ್ಗೆ ಅವಳು ತವರೂರಾದ ಬಬಲೇಶ್ವರಕ್ಕೆ ಹೊರಟಳು. ಅವಳ ತಮ್ಮ ಸಂಗುವಿನ ಮೂರು ತಿಂಗಳ ಮಗಳಿಗೆ ರವಿವಾರ ಸಂಜೆ ನಾಲ್ಕಕ್ಕೆ ಹೆಸರಿಡುವ ಕಾರ್ಯಕ್ರಮ. ನಂದಾ ಕೂಸಿನ ಸೋದರತ್ತೆ. ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಅವಳದೇ. ಅವಳಿಲ್ಲದೆ ತೊಟ್ಟಿಲು ತೂಗುವಂತಿಲ್ಲ. ಹೋಗುವಾಗ ಕಪಾಟಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಗಿಸಿಕೊಂಡು ಹೋದಳು.

ಬುಧವಾರ ಸಂಜೆ ಮಾಸ್ತರರು ಟ್ರಂಕು ತೆರೆದರು. ಮೇಲೆಯೇ ಒಂದು ನೀಲಿ ನೈಟಿ ಇತ್ತು. ಅದರ ಬಣ್ಣ ಇನ್ನೂ ಗಟ್ಟಿಯಾಗಿದ್ದದ್ದು ನೋಡಿ ಅವರಿಗೆ ಅನುಮಾನ ಬಂತು. ಇದು ಹಳೆಯದೇ? ಆಗ ಬಾಗಿಲ ಹಿಂದಿನ ಗೂಟಕ್ಕೆ ತೂಗುತ್ತಿದ್ದ ಇನ್ನೊಂದು ನೈಟಿ ಕಣ್ಣಿಗೆ ಬಿತ್ತು. ಅದರ ಬಣ್ಣ ಬೂದಿಗೂ ಅಂಬಲಿಗೂ ನಡುವಿನದು. ಕಂಕುಳಲ್ಲಿ ಎರಡು ತೇಪೆ. ಇದಕ್ಕಿಂತ ಹಳೆಯದು ಮನೆಯಲ್ಲಿರುವುದು ತರ್ಕಕ್ಕೆ ಸಾಧ್ಯವೇ ಇಲ್ಲವೆಂದು ತೀರ್ಮಾನಿಸಿ, ಮೊದಲು ಅದನ್ನೇ ಕತ್ತರಿಸಿದರು. ಆಮೇಲೆ ನೀಲಿಯದನ್ನೂ ಕತ್ತರಿಸಿದರು.

ಟ್ರಂಕಿನ ತಳದಲ್ಲಿ ಹುಲಿ ಚಾದರ ಸಿಕ್ಕಿತು. ಈ ಮನೆ ಕಟ್ಟಿಸಿದಾಗ ನಂದಾಳ ತಾಯಿ ಕಾಶಿಬಾಯಿ ಉಡುಗೊರೆ ಕೊಟ್ಟ ಚಾದರ ಅದು. ಹಳದಿ ನೆಲದ ಮೇಲೆ ಹಿಟ್ಟು ನಾದುವ ಪರಾತದಷ್ಟು ದೊಡ್ಡ ಹುಲಿಯ ಮುಖ, ಬಾಯಿ ತೆರೆದು ನೋಡುವವರನ್ನೇ ನೋಡುತ್ತಿತ್ತು. "ಹುಲಿ ಮ್ಯಾಲ ಮಲಗಾಕ ನಾವೇನು ದೇವರೇನ್ರಿ?" ಎಂದು ನಂದಾ ಅದನ್ನು ಒಂದು ದಿನವೂ ಹಾಸಿರಲಿಲ್ಲ. ಮಾಸ್ತರರಿಗೆ ಅದನ್ನು ನೋಡಿದ ಕೂಡಲೇ ಖುಷಿಯಾಯಿತು. ಹುಲಿಯ ಮುಖ ಎಡಬಲ ಸರಿಸಮ. ಮೂಗಿನ ಮೇಲೆ ಗೆರೆ ಎಳೆದರೆ ಎರಡು ಭಾಗ ಒಂದರ ಮೇಲೊಂದು ಕೂತುಬಿಡುತ್ತವೆ. ಗೌನಿನ ಮುಂಭಾಗಕ್ಕೆ ಇದೇ ಎಂದು ನಿಶ್ಚಯಿಸಿದರು.

ಆದರೆ ಎಷ್ಟು ಅಗಲ?

ಗುರುವಾರ ಶಾಲೆ ಬಿಟ್ಟ ಮೇಲೆ, ತಿಕೋಟಾ ಬಸ್‌ಸ್ಟ್ಯಾಂಡಿನ ಹತ್ತಿರ ದರ್ಜಿ ಅಂಗಡಿ ಇಟ್ಟಿದ್ದ ಲಾಡಲೇಸಾಬನ ಮುಂದೆ ಹೋಗಿ ನಿಂತರು.

"ಲಾಡಲೇಸಾಬ, ಒಂದು ಗೌನಿಗೆ ಏನೇನು ಅಳತಿ ಬೇಕಾಗ್ತಾವ? ಪಾಠಕ್ಕ ಬೇಕಾಗಿತ್ತು."

"ಅಳತಿ ಯಾಕ್ರಿ ಮಾಸ್ತರ? ಹಳೇದೊಂದು ನೈಟಿ ತರ್ರಿ. ಅದನ್ನ ಮ್ಯಾಲಿಟ್ಟು ಕತ್ತರಸೋದು."

"ಹಳೇದು ಕತ್ತರಿಸಿ ಆಗೈತಿ."

ಲಾಡಲೇಸಾಬ ಮಷಿನ್ ನಿಲ್ಲಿಸಿದ. "ಪಾಠದಾಗೇನ್ರಿ?"

ಮಾಸ್ತರರು ಎಲ್ಲ ಹೇಳಬೇಕಾಯಿತು.

"ಒಂದು ಜಂಪರರ ತರ್ರಿ ಹಂಗಾದ್ರ."

"ಕಪಾಟಿಗೆ ಕೀಲಿ ಹಾಕ್ಯಾಳ."

"ಅಕ್ಕಾರನ್ನ ಕರಕೊಂಡು ಬರ್ರಿ."

"ಅಕಿ ಬಬಲೇಶ್ವರದಾಗ ಅದಾಳ."

ಲಾಡಲೇಸಾಬ ನಗು ತಡೆಯಲಾರದೆ ಹೇಳಿದ, "ಇಪ್ಪತ್ತು ವರ್ಷ ಸಂಸಾರ ಮಾಡೀರಿ. ಅಕ್ಕಾರು ತೆಕ್ಕಿಗೆ ಎಷ್ಟು ಬರ್ತಾರಂತ ನಿಮ್ಮ ಕೈಗೆ ಗೊತ್ತಿರಬೇಕಲ್ರಿ ಮಾಸ್ತರ!"

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳೂ ನಕ್ಕರು. ಮಾಸ್ತರರು ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಬಸ್ ಟಿಕೆಟಿನ ಹಿಂದೆ 'ತೆಕ್ಕೆ = ಸುತ್ತಳತೆ' ಎಂದು ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದರು.

ಶುಕ್ರವಾರ ಸಂಜೆ ಪ್ರಯೋಗ ಶುರುವಾಯಿತು. ಮೊದಲು ಮನೆ ಮುಂದಿನ ಬೇವಿನ ಮರವನ್ನು ತಬ್ಬಿ ನೋಡಿದರು. ಎರಡು ಕೈಗಳ ನಡುವೆ ಒಂದು ಗೇಣು ಅಂತರ ಉಳಿಯಿತು. ಇದು ನಂದಾ ಅಲ್ಲ. ಆಮೇಲೆ ಹಿತ್ತಲಿನ ನೀರಿನ ಡ್ರಮ್ಮು. ಬೆರಳಿಗೆ ಬೆರಳು ತಾಗಿದವು, ಆದರೆ ನಂದಾಳನ್ನು ತಬ್ಬಿದಾಗ ಕೈ ಇನ್ನೂ ಮುಂದೆ ಹೋಗುತ್ತಿತ್ತೆಂದು ಅವರ ಕೈಗಳು ಸಾಕ್ಷಿ ಹೇಳಿದವು. ಕೊನೆಗೆ ಪಡಸಾಲೆಯಲ್ಲಿ ನಿಲ್ಲಿಸಿದ್ದ ಜೋಳದ ಚೀಲ. ಮೊಣಕಾಲೂರಿ ಅದನ್ನು ತಬ್ಬಿದರು. ಬಲಗೈ ಸರಿಯಾಗಿ ಎಡ ಮೊಣಕೈಗೆ ಬಂದು ಕೂತಿತು. ಖಾತ್ರಿ ಮಾಡಿಕೊಳ್ಳಲು ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದ ಮೇಲೆ ಯಾಕೋ ಬೇಗ ಬಿಡಲು ಮನಸ್ಸಾಗಲಿಲ್ಲ. ಮೂರು ದಿನವಾಗಿತ್ತು ಮನೆ ಖಾಲಿಯಾಗಿ. ಮಗಳೂ ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ಗಲ್ಲವನ್ನು ಚೀಲಕ್ಕೆ ಆನಿಸಿ ಸ್ವಲ್ಪ ಹೊತ್ತು ಹಾಗೆಯೇ ಇದ್ದರು.

ಅದೇ ಹೊತ್ತಿಗೆ ಪಕ್ಕದ ಮನೆಯ ಪೀರಾಂಬಿ ಒಂದು ಬಟ್ಟಲು ಶೀರಕುರ್ಮಾ ಹಿಡಿದು ಬಾಗಿಲಿಗೆ ಬಂದಿದ್ದಳು. ಮಾಸ್ತರರು ಬೇವಿನ ಮರಕ್ಕೆ ಜೋತುಬಿದ್ದದ್ದನ್ನೂ ಡ್ರಮ್ಮು ತಬ್ಬಿದ್ದನ್ನೂ ಮಾಳಿಗೆಯಿಂದ ಆಗಲೇ ಕಂಡಿದ್ದಳು. ಈಗ ಇದನ್ನೂ ಕಂಡಳು. ಸದ್ದಿಲ್ಲದೆ ಬಟ್ಟಲಿನ ಸಮೇತ ಹಿಂದೆ ಸರಿದಳು. ಇದು ಮಾಸ್ತರರಿಗೆ ಆಗ ತಿಳಿಯಲಿಲ್ಲ.

ಅವರು ಚೀಲಕ್ಕೆ ಟೇಪು ಸುತ್ತಿದರು. ನಲವತ್ತನಾಲ್ಕು ಇಂಚು. ಬರೆದುಕೊಳ್ಳುವಾಗ ಪೆನ್ನು ತಡೆಯಿತು. ಹೆಂಡತಿಯ ಅಳತೆಯನ್ನು ಇದ್ದಂತೆ ಬರೆಯುವುದು ಗಂಡಸಿಗೆ ಮರ್ಯಾದೆಯಲ್ಲ. ಎರಡು ಇಂಚು ಕಳೆದು ನಲವತ್ತೆರಡು ಎಂದು ಬರೆದರು. ಜೀವನದಲ್ಲಿ ಅವರು ಗಣಿತಕ್ಕೆ ಮಾಡಿದ ಮೋಸ ಅದೊಂದೇ.

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಬಂದವರೇ ಮಷಿನ್ ಮುಂದೆ ಕೂತರು. ಕಾಲಿನಿಂದ ತುಳಿಯುವ ಮಷಿನ್. ತುಳಿದರೆ ಚಕ್ರ ಮುಂದೆ ಹೋಗುವ ಬದಲು ಹಿಂದೆ ತಿರುಗುವುದು, ದಾರ ಪಟ್ಟೆಂದು ಹರಿಯುವುದು. ಹತ್ತು ಸಲ ದಾರ ಹರಿಯಿತು, ಎರಡು ಸೂಜಿ ಮುರಿದವು, ಮೂರು ಬೆರಳಿಗೆ ಪಟ್ಟಿ ಬಂತು. ಒಮ್ಮೆ ನೀರು ಕುಡಿಯಲು ಎದ್ದರೆ ಮಷಿನ್ ಕೂಡ ಅವರ ಹಿಂದೆ ಎರಡು ಹೆಜ್ಜೆ ಬಂತು. ನೋಡಿದರೆ ಉಟ್ಟ ಲುಂಗಿಯ ಚುಂಗು ಗೌನಿಗೆ ಸೇರಿ ಹೋಗಿತ್ತು. ಆದರೂ ಬಿಡಲಿಲ್ಲ. ಪರೀಕ್ಷೆಯಲ್ಲಿ ಬರೆದ ಲೆಕ್ಕವನ್ನು ಮೂರು ಸಲ ನೋಡಬೇಕೆಂದು ಮಕ್ಕಳಿಗೆ ಹೇಳುವವರು ಅವರು. ಪ್ರತಿ ಹೊಲಿಗೆಯ ಮೇಲೂ ಮೂರು ಸಲ ಹೊಲಿಗೆ ಹಾಕಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೌನು ಮುಗಿಯಿತು: ಮುಂದೆ ಹುಲಿ, ಹಿಂದೆ ಬೂದಿ ಬಣ್ಣ, ಎರಡು ನೀಲಿ ತೋಳು. ಗೂಟಕ್ಕೆ ಹಾಕಿ ದೂರ ನಿಂತು ನೋಡಿದರು. ಹುಲಿಯ ಮೂಗು ನಟ್ಟನಡುವೆ ಇತ್ತು. ಅವರ ಕಣ್ಣು ತುಂಬಿ ಬಂತು.

ರವಿವಾರ ಬೆಳಿಗ್ಗೆ ಎಂಟೂವರೆಗೆ ಅವರು ಚಹಾ ಕುಡಿಯುತ್ತಿರುವಾಗ ಬಾಗಿಲು ದಡಕ್ಕನೆ ತೆರೆಯಿತು. ನಂದಾ! ಕಾಲಿನ ಚಪ್ಪಲಿಯನ್ನೂ ಬಿಡದೆ ನೇರ ಬಂದು ಗಂಡನ ಹಣೆ ಮುಟ್ಟಿ ನೋಡಿದಳು.

"ಯಾಕ ಬಂದಿ? ಸಂಜಿಗೆ ನಾನೇ ಬರಾಂವ ಇದ್ನೆಲ್ಲ?"

"ಹದಿನೇಳರ ಮಗ್ಗಿ ಹೇಳ್ರಿ."

"ಏನು?"

"ಹೇಳ್ರಿ ಅಂದ್ನೆಲ್ಲ!"

ಮಾಸ್ತರರು ಹದಿನೇಳೊಂದಲೆ ಹದಿನೇಳರಿಂದ ನೂರಾ ಎಪ್ಪತ್ತರವರೆಗೆ ಒಂದೂ ತಪ್ಪದೆ ಹೇಳಿದರು. ನಂದಾ ಕುರ್ಚಿಯ ಮೇಲೆ ಕುಸಿದಳು.

"ತಲಿ ಸರಿ ಐತಿ. ಹಂಗಾದ್ರ ಜ್ವಾಳದ ಚೀಲಕ್ಕ ಯಾಕ ತೆಕ್ಕಿ ಬಡದ್ರಿ? ನಿನ್ನಿ ಸಂಜಿಗೆ ಪೀರಾಂಬಿ ಖಾಲಾ ಫೋನ್ ಮಾಡಿದ್ರು. ಒಂದು ದಿನ ಹೇಳಲೋ ಬ್ಯಾಡೋ ಅಂತ ತಡದು ಹೇಳ್ಯಾರ ಪಾಪ. ಮೊದಲ ಬೇವಿನ ಗಿಡ, ಆಮ್ಯಾಲ ಡ್ರಮ್ಮು, ಆಮ್ಯಾಲ ಚೀಲ! ಕಣ್ಣ ಬ್ಯಾರೆ ಮುಚ್ಚಿದ್ರಂತ! ಮುಂಜಾನಿ ಮೊದಲನೇ ಬಸ್ಸಿಗೆ ಓಡಿ ಬಂದೇನಿ."

ಮಾಸ್ತರರು ಉತ್ತರವಾಗಿ ಒಳಗೆ ಹೋಗಿ ಗೌನು ತಂದು ಹಿಡಿದರು.

ನಂದಾ ಹುಲಿಯನ್ನು ನೋಡಲಿಲ್ಲ. ಬೂದಿ ಬಣ್ಣವನ್ನು ನೋಡಿದಳು. "ನನ್ನ ನೈಟಿ..." ಎಂದಳು. ಸತ್ತವರ ಸುದ್ದಿ ಕೇಳಿದವಳ ಧ್ವನಿ. "ಗೂಟಕ್ಕ ಇದ್ದದ್ದು! ಅಯ್ಯ ಯಪ್ಪಾ, ಅದು ಅಷ್ಟು ಮೆತ್ತಗ ಆಗಬೇಕಾದ್ರ ಒಂಬತ್ತು ವರ್ಷ ಹಿಡದಿತ್ರಿ! ಹೊಸಾವು ನೂರು ತಂದ್ರೂ ಹಂಗ ಆಗಂಗಿಲ್ಲ!"

"ಅದಕ್ಕ ತೇಪಿ ಇತ್ತು..."

"ತೇಪಿ ಇದ್ದದ್ದಕ್ಕ ಚಲೋ ಇತ್ತು!" ಗಕ್ಕನೆ ಅವಳಿಗೆ ಇನ್ನೊಂದು ಹೊಳೆಯಿತು. "ತಡೀರಿ. ಅಂದ್ರ ನನ್ನ ಅಳತಿ ಜ್ವಾಳದ ಚೀಲದ್ದೇನ್ರಿ?"

"ಎರಡು ಇಂಚು ಕಡಿಮಿ," ಎಂದರು ಮಾಸ್ತರರು, ಹೆಮ್ಮೆಯಿಂದ.

ನಂದಾಳಿಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಮ್ಮೆಗೇ ಬಂದು ಬಾಯಿಗೆ ಬರುವಾಗ ನಗುವಾಗಿ ಹೊರಬಿದ್ದವು. ನಗುತ್ತ ನಗುತ್ತ ಗಂಡನ ಕೈ ನೋಡಿದಳು. ಮೂರು ಬೆರಳಿಗೆ ಪಟ್ಟಿ. "ಕೊಡ್ರಿ ಇಲ್ಲೆ," ಎಂದು ಗೌನು ಕಸಿದುಕೊಂಡು ಕೋಣೆಗೆ ಹೋದಳು.

ಹಾಕಿಕೊಳ್ಳುವಾಗ ಬಿಗಿಯಾಯಿತು. ಉಸಿರು ಎಳೆದು, ಮೈ ಕೊಸರಿ, ಎರಡು ಸಲ ಜಿಗಿದ ಮೇಲೆ ಇಳಿಯಿತು. ಕನ್ನಡಿಯಲ್ಲಿ ನೋಡಿದರೆ ಹೊಟ್ಟೆಯ ಮೇಲೆ ಹುಲಿ. ಕೂತರೆ ಹುಲಿ ಬಾಯಿ ಮುಚ್ಚುವುದು, ನಿಂತರೆ ತೆರೆಯುವುದು. ಅವಳು ನಾಲ್ಕು ಸಲ ಕೂತು ಎದ್ದು ನೋಡಿದಳು.

ತೆಗೆಯಲು ಹೋದಾಗ ಬರಲಿಲ್ಲ.

ಇಲಿ ಬೋನಿಗೆ ಹೋಗುವ ದಾರಿ ಇರುತ್ತದೆ, ಬರುವ ದಾರಿ ಇರುವುದಿಲ್ಲ. ಗೌನಿನ ಕಥೆ ಅದೇ ಆಗಿತ್ತು. ಎದೆಯವರೆಗೆ ಎತ್ತಿದರೆ ಅಲ್ಲಿಂದ ಮುಂದೆ ಒಂದು ಬೆರಳೂ ಸರಿಯದು. ಮಾಸ್ತರರು ಬಂದು ಎಳೆದರು. ಪೀರಾಂಬಿಯನ್ನು ಕರೆದರು. ಪೀರಾಂಬಿ ಕೆಳಗಿನಿಂದ ಮೇಲಕ್ಕೆ ಎಳೆದಳು, ಮಾಸ್ತರರು ಗೊತ್ತಾಗದೆ ಮೇಲಿನಿಂದ ಕೆಳಕ್ಕೆ ಎಳೆದರು. ಕೊಬ್ಬರಿ ಎಣ್ಣೆ ಹಚ್ಚಿದರು. ನಂದಾ ಜಾರಿ ಮಂಚದಿಂದ ಕೆಳಗೆ ಬಿದ್ದಳು, ಗೌನು ಜಾರಲಿಲ್ಲ.

"ಕತ್ತರಿ ತರ್ತೇನಿ," ಎಂದರು ಮಾಸ್ತರರು.

"ಮುಟ್ಟಬ್ಯಾಡ್ರಿ! ಒಮ್ಮೆ ಕೊಂದೀರಿ ಅದನ್ನ, ಮತ್ತೊಮ್ಮೆ ಕೊಲ್ತೀರೇನು? ಹೊಲಿಗಿ ಬಿಚ್ಚರಿ."

ಮಾಸ್ತರರು ಬ್ಲೇಡು ಹಿಡಿದು ಕೂತರು. ಮೂರು ಪದರಿನ ಹೊಲಿಗೆ. ಒಂದು ತಾಸಿಗೆ ನಾಲ್ಕು ಬೆರಳು ಬಿಚ್ಚಿತು. ಪೀರಾಂಬಿ ಕನ್ನಡಕ ಏರಿಸಿ ನೋಡಿ, "ಯಾ ಅಲ್ಲಾ, ಇದು ಅಂಗಿ ಹೊಲದಿದ್ದೋ, ಸಿಮೆಂಟ್ ಹಾಕಿದ್ದೋ? ಹಿಂಗ ಬಿಚ್ಚಕೋತ ಕುಂತ್ರ ಆ ಕೂಸು ಸಾಲಿಗೆ ಹೋಗೂ ಮುಂದ ಹೆಸರಿಡತೀ ಬೇ ನಂದಾ," ಎಂದಳು.

ಮಧ್ಯಾಹ್ನ ಎರಡಾಯಿತು. ಬೇರೆ ದಾರಿ ಉಳಿಯಲಿಲ್ಲ. ಪೀರಾಂಬಿಯೇ ಮುಂದೆ ನಿಂತು ಗೌನಿನ ಮೇಲೆ ಜರಿ ಸೀರೆ ಉಡಿಸಿ, ಎಲ್ಲೆಲ್ಲಿ ಹುಲಿ ಇಣುಕುವುದೋ ಅಲ್ಲಲ್ಲಿ ಪಿನ್ನು ಚುಚ್ಚಿದಳು. ನಂದಾ ಬಾಗುವಂತಿರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವಾಗ ಮಾಸ್ತರರು ಹಿಂದಿನಿಂದ ನೂಕಬೇಕಾಯಿತು. ದಾರಿಯುದ್ದಕ್ಕೂ ಅವಳು ನೆಟ್ಟಗೆ ಕೂತು, ಹಲ್ಲು ಕಚ್ಚಿ, "ಸಿಲಿಂಡರ, ಸಿಲಿಂಡರ" ಎಂದು ಗಂಡನಿಗಷ್ಟೇ ಕೇಳುವಂತೆ ಗೊಣಗುತ್ತಿದ್ದಳು.

ಬಬಲೇಶ್ವರ ಮುಟ್ಟಿದಾಗ ಅಂಗಳ ತುಂಬ ಹೆಂಗಸರು. ಕಾಶಿಬಾಯಿ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮುಂಜಾನಿ ಹೋಗೂವಾಗ ಇಷ್ಟು ದಪ್ಪ ಇರಲಿಲ್ಲಲ್ಲ ಬೇ?" ಎಂದಳು. ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ತೊಟ್ಟಿಲು ಸಿಂಗರಿಸಿ ಆಗಿತ್ತು. ಕೂಸಿಗೆ ಸಾನ್ವಿ ಎಂದು ಹೆಸರಿಡುವುದು ನಿಶ್ಚಯವಾಗಿತ್ತು. ನಂದಾ ಕಷ್ಟಪಟ್ಟು ಬಗ್ಗಿ ಕೂಸಿನ ಕಿವಿಗೆ ಬಾಯಿ ತಂದಳು.

ಹೆಸರು ಹೇಳುವಾಗ ಉಳಿದ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ನಂದಾ ಅದನ್ನು ಮರೆತಿದ್ದಳು. ಸೋದರತ್ತೆ ಸಿಕ್ಕಿದ್ದೇ ಸಾಕೆಂದು ಆರೇಳು ಜನ ದಬದಬ ಗುದ್ದಿದರು. ಟರ್ರ್ ಎಂದು ಸದ್ದಾಯಿತು. ಇಡೀ ಅಂಗಳಕ್ಕೆ ಕೇಳಿಸಿತು.

"ಯವ್ವಾ, ಹರೀತು!" ಎಂದು ನಂದಾ ಕೂಸಿನ ಕಿವಿಯಲ್ಲೇ ಚೀರಿದಳು.

ಸಂಗು ಮೆಲ್ಲಗೆ ಕೇಳಿದ, "ಅಕ್ಕಾ, ಕೂಸಿಗೆ ಏನಂತ ಹೆಸರಿಟ್ಟಿ?"

ಗುದ್ದಿದ ರಭಸಕ್ಕೆ ಪಿನ್ನುಗಳು ಕಿತ್ತು, ಸೆರಗು ಜಾರಿ, ತೊಟ್ಟಿಲ ಮೇಲೆ ಹುಲಿಯ ಮುಖ ಪೂರ್ತಿ ಬಂದು ನಿಂತಿತ್ತು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಕಾಶಿಬಾಯಿ ಮಾತ್ರ ಮುಂದೆ ಬಂದಳು.

"ಇದು ನಾ ಕೊಟ್ಟ ಚಾದರ ಅಲ್ಲೇನ? ಅಳಿಯಾರ, ಹಾಸಕೊಳ್ಳಾಕ ಕೊಟ್ಟಿದ್ನಿರಿ. ನನ್ನ ಮಗಳನ್ನ ಅದರಾಗ ಸುತ್ತಿ ತರ್ರಿ ಅಂತ ಕೊಟ್ಟಿರಲಿಲ್ಲ."

ಮಾಸ್ತರರು ಗಂಡಸರ ನಡುವಿನಿಂದ ಎದ್ದು ಬಂದು ಸಮತಲದಿಂದ ಶುರುಮಾಡಿ ಹೇಳತೊಡಗಿದರು. ಚೀಲದ ತನಕ ಬರುವಷ್ಟರಲ್ಲಿ ಅವರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಕಾಶಿಬಾಯಿ ನಕ್ಕು ನಕ್ಕು ಕಂಬ ಹಿಡಿದು ಕೂತಳು. ಈ ಗದ್ದಲದಲ್ಲಿ ಅಳಬೇಕಾಗಿದ್ದ ಕೂಸು ಮಾತ್ರ ಹುಲಿಯನ್ನೇ ನೋಡುತ್ತ, ಕೈಕಾಲು ಬಡಿದು ಕೇಕೆ ಹಾಕುತ್ತಿತ್ತು. ನಂದಾ ಎರಡನೇ ಸಲ ಬಗ್ಗಿ, ಈಗ ಆರಾಮಾಗಿ ಬಗ್ಗಿ, ಸರಿಯಾದ ಹೆಸರು ಹೇಳಿದಳು.

ಬೆನ್ನು ಹರಿದದ್ದರಿಂದ ಬಿಡುಗಡೆಯೇನೋ ಆಗಿತ್ತು. ಆದರೆ ಹೆಂಗಸರು ಬಿಡಲಿಲ್ಲ, ಪೂರ್ತಿ ನೋಡಲೇಬೇಕೆಂದರು. ನಂದಾ ಒಳಗೆ ಹೋಗಿ ಸೀರೆ ಬಿಚ್ಚಿಟ್ಟು, ಹರಿದ ಬೆನ್ನಿನ ಮೇಲೆ ತಾಯಿಯ ಟಾವೆಲ್ಲು ಹೊದ್ದು, ಗೌನಿನಲ್ಲೇ ಹೊರಗೆ ಬಂದಳು. ಓಣಿಗೆಲ್ಲ ಕೌದಿ ಹೊಲಿದುಕೊಡುವ ಮುದುಕಿ ರುದ್ರವ್ವ ಅವಳನ್ನು ಹತ್ತಿರ ಕರೆದು, ಗೌನನ್ನು ತಿರುಗಿಸಿ ಮುರುಗಿಸಿ, ಹರಿದ ಜಾಗದಲ್ಲಿ ಬೆರಳಾಡಿಸಿ ನೋಡಿದಳು. ಮಾಸ್ತರರು ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ನಿಂತಿದ್ದರು.

"ಹೊಲಿಗಿ ಹರದಿಲ್ಲ," ಎಂದಳು ರುದ್ರವ್ವ. "ಅರಿವಿ ಹರದೈತಿ. ಹೊಲಿಗಿ ಹಂಗ ಐತಿ ನೋಡ್ರಿ, ಒಂದು ಎಳೀನೂ ಬಿಟ್ಟಿಲ್ಲ. ಯಾರು ಕಲಿಸ್ಯಾರ್ರಿ ಮಾಸ್ತರ?"

ಆದರ್ಶ ಶಿಕ್ಷಕ ಪ್ರಶಸ್ತಿ ಕೈತಪ್ಪಿದ ವರ್ಷದಿಂದ ಮಾಸ್ತರರ ಎದೆಯಲ್ಲಿ ಕೂತಿದ್ದ ಒಂದು ಕಲ್ಲು ಅಲ್ಲಿಯೇ, ಆ ಅಂಗಳದಲ್ಲಿ, ಕರಗಿ ಹೋಯಿತು.

ಊಟ ಮುಗಿಸಿ ಹೊರಡುವಾಗಲೂ ನಂದಾ ಸೀರೆ ಉಡಲಿಲ್ಲ. ರುದ್ರವ್ವ ಎರಡು ಬದಿಗೆ ನೀಲಿ ಪಟ್ಟಿ ಸೇರಿಸಿ, ಬೆನ್ನಿಗೆ ಕೌದಿಯ ತುಂಡು ಹಚ್ಚಿ ಗೌನು ಸಡಿಲ ಮಾಡಿಕೊಟ್ಟಿದ್ದಳು. ಈಗ ಅದರೊಳಗೆ ಗಾಳಿ ಆಡುತ್ತಿತ್ತು. ಹೊತ್ತು ಮುಳುಗುವ ಹೊತ್ತಿನ ಬಸ್ಸಿನಲ್ಲಿ ಜನ ಕಡಿಮೆ. ಕಂಡಕ್ಟರು ಬಂದು ನಂದಾಳಿಗೆ ಹೆಂಗಸರ ಪುಕ್ಕಟೆ ಚೀಟಿ ಕೊಟ್ಟ. ಮಾಸ್ತರರಿಗೆ ಟಿಕೆಟು ಹರಿದುಕೊಟ್ಟ. ಆಮೇಲೆ ಹುಲಿಯನ್ನು ನೋಡುತ್ತ ಅಲ್ಲೇ ನಿಂತ.

"ಇದು ಹೆಣ್ಣೋ ಗಂಡೋ ಅಕ್ಕಾರ? ಗಂಡಿದ್ರ ಟಿಕೆಟ್ ಆಗತೈತ್ರಿ."

"ಹೆಣ್ಣು," ಎಂದಳು ನಂದಾ. "ಬಾಯಿ ನೋಡಿದ್ರ ಗೊತ್ತಾಗಂಗಿಲ್ಲೇನು?"

ಕಂಡಕ್ಟರು ನಗುತ್ತ ಮುಂದೆ ಹೋದ. ನಂದಾ ಚೀಲದಿಂದ ಹೆಸರಿಟ್ಟ ಮನೆಯ ಗುಗ್ಗರಿಯ ಪೊಟ್ಟಣ ಬಿಚ್ಚಿ ಹುಲಿಯ ಹಣೆಯ ಮೇಲೆ ಹರಡಿಕೊಂಡಳು. ಒಂದು ಹಿಡಿ ತಾನು ಬಾಯಿಗೆ ಹಾಕಿಕೊಂಡು, ಇನ್ನೊಂದು ಹಿಡಿ ಪಟ್ಟಿ ಕಟ್ಟಿದ ಆ ಕೈಗೆ ಹಾಕಿದಳು. ಬಸ್ಸು ವಿಜಯಪುರದ ಕಡೆ ಓಡುತ್ತಿತ್ತು. ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಗುಗ್ಗರಿ ಮೆಲ್ಲತೊಡಗಿದರು.